ಬಾಯೊಳಗಿನ ಕಲ್ಲುಸಕ್ಕರೆ

ಶಿವನು ಜೀವರಾಶಿಗೆ ನಾಲಿಗೆ ಹಂಚಿದ ದಿನ ಕೋಟುಮಚಗಿಯ ಗದಿಗೆವ್ವ ಸಾಲಿನಲ್ಲಿ ಎರಡು ಸಲ ನಿಂತಿದ್ದಳೆಂದು ಆ ಊರಿನವರ ನಂಬಿಕೆ. ಮೊದಲ ಸಲ ತನ್ನ ಪಾಲಿಗೆ. ಎರಡನೆಯ ಸಲ, ಹಿಂದೆ ನಾಚಿಕೊಂಡು ನಿಂತಿದ್ದ ಯಾವುದೋ ಬಡಪಾಯಿಯ ಪಾಲಿಗೆ. ಕೊಟ್ಟವನು ಶಿವ, ಬೇಡವೆನ್ನಲು ನಾವ್ಯಾರು? ಊರಿನಲ್ಲಿದ್ದಷ್ಟು ದಿನ ಅದರಿಂದ ಯಾರಿಗೂ ಕೇಡಾಗಲಿಲ್ಲ. ಬಾವಿಕಟ್ಟೆಯ ಹೆಂಗಸರು ಕೊಡ ತುಂಬಿದ ಮೇಲೂ ನಿಂತು ಕೇಳುತ್ತಿದ್ದರು. ತೊಂದರೆ ಶುರುವಾದದ್ದು ಅವಳು ಬೆಟಗೇರಿಯ ಒಂದು ಧರ್ಮದ ದವಾಖಾನೆಯಲ್ಲಿ ನರ್ಸಿನ ವಿದ್ಯೆಗೆ ಸೇರಿದ ಮೇಲೆ.

ನಮ್ಮ ಕಡೆ ಒಂದು ಪದ್ಧತಿಯುಂಟು. ಜಡ್ಡಾದವರನ್ನು ಮಾತಾಡಿಸಲು ಬರಿಗೈಯಲ್ಲಿ ಹೋಗಬಾರದು. ನಾಲ್ಕು ಬಾಳೆಹಣ್ಣು ಒಯ್ಯಬೇಕು; ಅದೂ ಆಗದಿದ್ದರೆ ಅದೇ ಜಡ್ಡಿನಿಂದ ಸತ್ತ ಒಬ್ಬರ ಕತೆಯನ್ನಾದರೂ ಒಯ್ಯಬೇಕು. ಗದಿಗೆವ್ವ ಬಾಳೆಹಣ್ಣಿನ ಕಡೆಯವಳಲ್ಲ, ಕತೆಯ ಕಡೆಯವಳು. ಶಿರಹಟ್ಟಿಯ ದ್ಯಾಮಪ್ಪ ಕಾಮಣಿಯಾಗಿ ಮಲಗಿದ್ದಾಗ ಅವನ ಬಾಯಲ್ಲಿ ಥರ್ಮಾಮೀಟರ್ ಇಟ್ಟು, ಕೈಹಿಡಿದು, ಬಹಳ ಪ್ರೀತಿಯಿಂದ ಹೇಳಿದ್ದಳು: "ಹೆದರಬ್ಯಾಡ್ರಿ ಕಾಕಾ. ನಮ್ಮ ಓಣ್ಯಾಗ ಒಬ್ಬರಿಗೆ ಹಿಂಗ ಕಣ್ಣು ಹಳದಿ ಆಗಿದ್ದೂ. ಮುಂಜಾನಿ ಎದ್ದರು, ರೊಟ್ಟಿ ತಿಂದರು, ನಕ್ಕೋತ ಮಾತಾಡಿದರು. ಸಂಜಿಕ ನೋಡಿದ್ರ ಮನಿ ಮುಂದ ಭಜನಿಯವರು ಬಂದು ಕುಂತಿದ್ರು."

ದ್ಯಾಮಪ್ಪ ಥರ್ಮಾಮೀಟರ್ ಬಾಯಲ್ಲಿದ್ದಂತೆಯೇ ಕಿಟಕಿ ಹಾರಿದ. ಹೊದ್ದ ಕಂಬಳಿಯೂ ಅವನ ಸಂಗಡ ಹೋಯಿತು. ಆಮೇಲೆ ಅವನು ಶಿರಹಟ್ಟಿಯಲ್ಲಿ ನೆಟ್ಟಗಾಗಿ ಹೊಲಕ್ಕೆ ಹೋಗುತ್ತಿದ್ದಾನೆಂಬ ಖಬರು ಬಂತು. ಕಂಬಳಿ ಮಾತ್ರ ಬರಲಿಲ್ಲ.

ಕಲಿಸುವ ಸಿಸ್ಟರ್ ಜೈಬುನ್ನೀಸಾ ತಲೆಗೆ ಕೈಹಚ್ಚಿ ಕುಳಿತಿದ್ದರು. ಧಾರವಾಡದ ಕಡೆಯ ಗಟ್ಟಿ ಹೆಂಗಸು. ಅವರ ಪಾಠ ಸರಳ. "ರೋಗಿನ್ನ ಮೊದಲ ಕಣ್ಣಿಲೆ ನೋಡಬೇಕು, ಆಮ್ಯಾಲ ಕೈಲೆ ಮುಟ್ಟಿ ನೋಡಬೇಕು, ಆಮ್ಯಾಲ ಅವರ ಬಾಯಿಲೆ ಕೇಳಬೇಕು. ಅವರ ಬಾಯಿಲೆ! ನಿನ್ನ ಬಾಯಿಲೆ ಅಲ್ಲ. ಅವರಿಗೆ ಏನು ಆಗೇತಿ, ಏನು ಬೇಕು, ಅದಕ್ಕ ನಾವು ಏನು ಆರೈಕಿ ಮಾಡಬೇಕು ಅನ್ನೂದನ್ನ ಕೊನೀಕ ಕ್ರಮ ಹಚ್ಚಿ ಬರೀಬೇಕು. ಗದಿಗೆವ್ವಾ, ನಿನ್ನ ಕಣ್ಣು ಹದ್ದಿನ ಕಣ್ಣು, ನಿನ್ನ ಕೈ ತಾಯಿ ಕೈ. ಆದರ ನಿನ್ನ ಬಾಯಿ..." ಎಂದು ಅಲ್ಲಿಗೇ ನಿಲ್ಲಿಸಿ ಮೇಲೆ ನೋಡುತ್ತಿದ್ದರು. ಅಲ್ಲಾನಿಗೂ ಅದಕ್ಕೆ ಸರಿಯಾದ ಉಪಮೆ ಹೊಳೆದಿರಲಿಕ್ಕಿಲ್ಲ.

ಇಂಥದರಲ್ಲಿ ಕೊನೆಯ ಪರೀಕ್ಷೆ ಬಂದೇ ಬಿಟ್ಟಿತು. ಅದು ಕನ್ನಡ ನಾಡು ಒಂದಾಗುವ ವರ್ಷ. ದೀಪಾವಳಿಯ ಹೊತ್ತಿಗೆ ಗದಗು, ಬೆಟಗೇರಿ ಎಲ್ಲ ಮುಂಬೈ ಬಿಟ್ಟು ಮೈಸೂರಿನ ಕಡೆ ಸೇರುವುದೆಂದು ಗೊತ್ತಾಗಿತ್ತು. ಮುಂಬೈಯಿಂದ ಬರುವ ಪರೀಕ್ಷಕ ಹೆಂಗಸನ್ನು ಮರಾಠಿ ರೂಢಿಯಂತೆ ಎಲ್ಲರೂ ಬಾಯಿಯವರೆನ್ನುತ್ತಿದ್ದರು; ಅವರು ಇದೇ ಕಡೆಯ ಸಲ ಬರುವವರು. ಈಗ ನಪಾಸಾದರೆ ಮುಂದಿನ ಪರೀಕ್ಷೆ ಯಾರು ತೆಗೆದುಕೊಳ್ಳುತ್ತಾರೆ, ಯಾವಾಗ, ಯಾವ ಭಾಷೆಯಲ್ಲಿ, ಒಬ್ಬರಿಗೂ ತಿಳಿಯದು.

ಗದಿಗೆವ್ವನ ಅಪ್ಪ ಚನ್ನಬಸವಣ್ಣನಿಗೆ ಮಾತ್ರ ಎಲ್ಲ ತಿಳಿದಿತ್ತು. "ನೋಡವ್ವಾ, ಪಾಸಾದೀ ಅಂದ್ರ ಮುಂಡರಗಿ ದವಾಖಾನ್ಯಾಗ ನೌಕರಿ ಮಾಡು, ನಾ ಮದಿವಿಗೆ ಒತ್ತಾಯ ಮಾಡೂದಿಲ್ಲ. ನಪಾಸಾದೀ ಅಂದ್ರ ಅವತ್ತ ಬಂಡಿ ಹತ್ತಬೇಕು. ಶ್ರಾವಣದಿಂದ ವರಗೋಳು ಕೇಳಾಕ ಹತ್ಯಾವ," ಎಂದು ಹೇಳಿದ್ದ. ಮುಂಡರಗಿಯಲ್ಲಿ ನರ್ಸಿಗೆ ಒಂದು ಖೋಲಿ ಕೊಡುತ್ತಿದ್ದರು. ಸ್ವಂತ ಖೋಲಿ, ಅದಕ್ಕೆ ಸ್ವಂತ ಕೀಲಿ. ಅಕ್ಕತಂಗಿಯರ ನಡುವೆ ಒಂದೇ ಕೌದಿಯಲ್ಲಿ ಬೆಳೆದ ಗದಿಗೆವ್ವ ಆ ಕೀಲಿಯನ್ನು ಕನಸಿನಲ್ಲಿ ಕೂಡ ಸೊಂಟಕ್ಕೆ ಸಿಗಿಸಿಕೊಂಡು ಅಡ್ಡಾಡುತ್ತಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ವಾರ್ಡಿನ ಕಿಟಕಿಯಿಂದ ನೋಡಿದರೆ, ಅಂಗಳದ ಬೇವಿನ ಮರದ ಕೆಳಗೆ ಅಪ್ಪನ ಬಂಡಿ ನಿಂತಿದೆ! ಎತ್ತುಗಳು ಹುಲ್ಲು ಮೇಯುತ್ತಿವೆ. ಬಂಡಿಯಲ್ಲಿ ಮೆತ್ತಗೆ ಹಾಸಿಗೆ ಬೇರೆ ಹಾಸಿದೆ. ಗದಿಗೆವ್ವ ಸೆರಗು ಬಿಗಿದು ಸಿಗಿಸಿಕೊಂಡಳು.

"ಬಾಯಿ ತಗಿ," ಎಂದರು ಸಿಸ್ಟರ್ ಜೈಬುನ್ನೀಸಾ ಹಿಂದಿನಿಂದ.

"ಯಾಕ್ರೀ ಸಿಸ್ಟರ, ನನಗೇನು ಆಗೇತಿ? ನಮ್ಮ ಓಣ್ಯಾಗ ಒಬ್ಬಾಕಿ ಹಿಂಗ ಬಾಯಿ ತಗಿ ಅಂದಾಗ ತಗದು..."

ತೆರೆದ ಬಾಯಿಗೆ ಸಿಸ್ಟರ್ ನೆಲ್ಲಿಕಾಯಿ ಗಾತ್ರದ ಕಲ್ಲುಸಕ್ಕರೆಯೊಂದನ್ನು ಇಟ್ಟರು. "ಮುಚ್ಚು. ಇದು ಕರಗೂತನಕ ಒಂದ ಮಾತ ಆಡಿದಿ ಅಂದ್ರ ನನ್ನಾಣಿ. ಕಡಿಯೂ ಬಾರದು, ನುಂಗೂ ಬಾರದು. ಕರಗಿದ ಮ್ಯಾಲ ಇನ್ನೊಂದು ಇಟಗೋ." ಪೊಟ್ಟಣದಿಂದ ಇನ್ನೂ ನಾಲ್ಕಾರು ತುಂಡು ತೆಗೆದು ಅವಳ ಬಿಳಿ ಏಪ್ರನ್ನಿನ ಕಿಸೆಗೆ ಹಾಕಿದರು. "ಕೊನೀಕ ಪರೀಕ್ಷಕ ಬಾಯಿಯವರು ಪ್ರಶ್ನಿ ಕೇಳಿದ್ರ?" ಎಂದು ಗದಿಗೆವ್ವ ಕಣ್ಣಿನಲ್ಲೇ ಕೇಳಿದಳು. "ಬರದು ಕೊಡು," ಎಂದರು ಸಿಸ್ಟರ್.

ಪರೀಕ್ಷೆಗೆ ಅವಳಿಗೆ ಸಿಕ್ಕ ರೋಗಿ ಹಿಂದಿನ ಸಂಜೆಯಷ್ಟೇ ಲಕ್ಷ್ಮೇಶ್ವರದಿಂದ ಬಂದ ಶೇಖವ್ವ. ದೊಡ್ಡ ಮನೆತನ, ಅರಳೆ ವ್ಯಾಪಾರ. ಹಣೆಯ ತುಂಬ ವಿಭೂತಿ, ಮೂಗಿನಲ್ಲಿ ಬೆಳಗುವ ನತ್ತು. ಮಂಚದ ಮೇಲೆ ಗುಡಿಯೊಳಗಿನ ಮೂರ್ತಿಯ ಹಾಗೆ ಕುಳಿತಿದ್ದಳು. ತಲೆದೆಸೆಯಲ್ಲಿ ಮಗ ಅಂದಪ್ಪ. ಪಕ್ಕದ ಮಂಚದಲ್ಲಿ ಅದೇ ಊರಿನ ಹಾಜಿರಾಬಿ, ಕಾಲು ಮುರಿದುಕೊಂಡು ಪಟ್ಟಿ ಕಟ್ಟಿಸಿಕೊಂಡು ಹಲವು ದಿನಗಳಿಂದ ಮಲಗಿದ್ದವಳು.

ಹಾಜಿರಾಬಿ ಎಂದರೆ ಗದಿಗೆವ್ವನಿಗೆ ಪ್ರಾಣ. ಇಡೀ ವಾರ್ಡಿನಲ್ಲಿ ಅವಳ ಮಾತನ್ನು ತಾನಾಗಿ ಕೇಳುತ್ತಿದ್ದವಳು ಹಾಜಿರಾಬಿ ಒಬ್ಬಳೇ. ಕೇಳುವುದೆಂದರೆ ಸುಮ್ಮನೆ ಅಲ್ಲ, "ಹೊಲ ಎಷ್ಟೈತ್ಯವ್ವಾ? ಅಪ್ಪನ ಹೆಸರೇನು? ಎಲ್ಲೂ ಮಾತು ಕೊಟ್ಟಿಲ್ಲಲ್ಲ?" ಎಂದು ಕೆದಕಿ ಕೆದಕಿ ಕೇಳುತ್ತಿದ್ದಳು. ಕಾಲು ಮುರಿದ ನೋವು ಮರೆಯಲು ಪಾಪ ಮುದುಕಿಗೆ ಮಾತು ಬೇಕು ಎಂದು ಗದಿಗೆವ್ವ ಹಳೆಯದು ಹೊಸದು ಎಲ್ಲ ಹೇಳಿ ಮುಗಿಸಿದ್ದಳು.

ಪರೀಕ್ಷಕ ಬಾಯಿ ಬಂದರು. ಕನ್ನಡಕ, ಒಂಬತ್ತು ವಾರಿಯ ಸೀರೆ, ಮುಖದಲ್ಲಿ ನಗುವಿಗೆ ಜಾಗ ಬಿಟ್ಟಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಮರಾಠಿಯಲ್ಲಿ, ಶುರು ಮಾಡು, ಎಂದು ಕೈ ಮಾಡಿದರು.

ಗದಿಗೆವ್ವ ಶೇಖವ್ವನ ಎದುರು ಹೋಗಿ ಕೈಮುಗಿದು ನಿಂತಳು. ಪಾಠದ ಪ್ರಕಾರ ಈಗ ರೋಗಿ ಮಾತಾಡಬೇಕು. ಶೇಖವ್ವ ಅವಳನ್ನು ಅಡಿಯಿಂದ ಮುಡಿಯತನಕ ನೋಡಿದಳು, ಮಾತಾಡಲಿಲ್ಲ. ಗದಿಗೆವ್ವ ಹುಬ್ಬೇರಿಸಿ, ಏನಾಗೇತಿ, ಎಂಬಂತೆ ನೋಡಿದಳು. ಶೇಖವ್ವ ಕಣ್ಣು ಮುಚ್ಚಿ ತೆರೆದಳು.

"ಅವ್ವಂದು ಇವತ್ತ ಮೌನರೀ!" ಎಂದ ಅಂದಪ್ಪ. "ಸೋಮಾರಲ್ಲ? ಹೊತ್ತು ಮುಳುಗೂತನಕ ಮಾತಿಲ್ಲ. ನನ್ನ ಕೇಳ್ರಿ, ನಾ ಹೇಳತೀನಿ. ಅವ್ವಗ ಎಲ್ಲಿ ಬ್ಯಾನಿ ಐತಿ ಅನಬ್ಯಾಡ್ರಿ, ಎಲ್ಲಿ ಇಲ್ಲಾ ಅನ್ರಿ. ತಲಿ, ಎದಿ, ಟೊಂಕ, ಮೊಣಕಾಲು! ಎಂಟು ದಿನ ಆತು, ಕೈ ಮ್ಯಾಲ ಎತ್ತಿಲ್ಲ. ಅನ್ನದ ಅಗಳು ಮುಟ್ಟಿಲ್ಲ. ಹ್ವಾದ ವರ್ಷ ಅರಳಿ ರೇಟು ಬಿದ್ದಾಗ ನನಗೂ ಹಿಂಗ ಆಗಿತ್ತು, ಅದನ್ನ ಮೊದಲಿಂದ ಹೇಳತೀನಿ, ಏನಾತಂದ್ರ..."

ಗದಿಗೆವ್ವ ಲೆಕ್ಕ ಹಾಕಿದಳು. ರೋಗಿಯ ಬಾಯಿಂದ ಕೇಳುವ ಪರೀಕ್ಷೆ, ರೋಗಿಗೆ ಮೌನ. ಕೇಳುವವಳ ಬಾಯಲ್ಲಿ ಕಲ್ಲುಸಕ್ಕರೆ. ಮಾತಾಡುತ್ತಿರುವವನು ಜಡ್ಡಿಲ್ಲದವನು. ತನಗಿಂತ ಹೆಚ್ಚು ಮಾತಾಡುವ ಮನುಷ್ಯನನ್ನು ಅವಳು ಜನ್ಮದಲ್ಲಿ ಇದೇ ಮೊದಲು ನೋಡಿದ್ದು. ನಡೆಯುವ ಮಗ್ಗದ ಲಾಳಿಯ ಹಾಗೆ ಅವನ ನಾಲಿಗೆ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು.

ಪರೀಕ್ಷಕ ಬಾಯಿ ಬಾಗಿಲ ಕಡೆ ಬೆರಳು ತೋರಿಸಿದರು. ಅಂದಪ್ಪ ಮಾತಾಡುತ್ತಲೇ ಹೊರಗೆ ಹೋದ. ಮಾತಾಡುತ್ತಲೇ ಅವ್ವನ ಮಂಚದ ಪಕ್ಕದ ಕಿಟಕಿಯ ಹೊರಗೆ ಪ್ರತ್ಯಕ್ಷನಾದ. ಕಟ್ಟೆಯ ಮೇಲೆ ಹೊಟ್ಟೆಯಿಟ್ಟು ಒಳಗೆ ಬಾಗಿ, "ಅಂದ್ರ ಅವ್ವಗ ಮುಖ್ಯ ತ್ರಾಸು ಅಂದ್ರ..." ಎಂದು ಎಳೆ ಹಿಡಿದ.

ಇತ್ತ ಗದಿಗೆವ್ವನ ಕೆನ್ನೆ ಉಬ್ಬಿದ್ದನ್ನು ಬಾಯಿಯವರು ಕಂಡರು. ಎದ್ದು ಬಂದು ಕನ್ನಡಕ ಸರಿಸಿ ನೋಡಿದರು. ಸಿಸ್ಟರನ್ನು ಕರೆದು ಮರಾಠಿಯಲ್ಲಿ ಏನೋ ಕೇಳಿದರು.

"ಹುಡುಗಿ ಕೆನ್ನಿ ಬಾತೈತೇನು ಅಂತ ಕೇಳಾಕ ಹತ್ತ್ಯಾರ," ಎಂದು ಸಿಸ್ಟರ್ ತೊದಲಿದರು. ಸುಳ್ಳು ಹೇಳುವ ಹೆಂಗಸಲ್ಲ ಅವರು; ಖರೆ ಹೇಳಿದರೆ ಹುಡುಗಿ ಬಂಡಿ ಹತ್ತುತ್ತಾಳೆ. ಅದಕ್ಕೆ ಕೆಮ್ಮಿದರು.

"ಮಂಗನಬಾವು!" ಎಂದಳು ಹಾಜಿರಾಬಿ ತನ್ನ ಮಂಚದಿಂದ. "ಸುಣ್ಣ ಅರಿಷಿಣ ಕಲಸಿ ಹಚ್ಚರಿ."

"ಮಂಗನಬಾವು ಅಲ್ಲಬೇ, ಒಂದ ಕಡೆ ಐತಲ್ಲ, ಇದು ದವಡಿ ಹಲ್ಲು," ಎಂದ ಕಿಟಕಿಯಿಂದ ಅಂದಪ್ಪ. "ನಮ್ಮ ಶಿಗ್ಲಿ ಅತ್ತಿಗೆ ಹಿಂಗ ಆದಾಗ ಲವಂಗದ ಎಣ್ಣಿ..."

ಗದಿಗೆವ್ವನಿಗೆ ಒಳಗೇ ಬೆಂಕಿ. ರೋಗಿಯನ್ನು ಪರೀಕ್ಷೆ ಮಾಡಬೇಕಾದ ಕಡೆ ಇಡೀ ವಾರ್ಡು ತನ್ನ ಕೆನ್ನೆಯನ್ನು ಪರೀಕ್ಷೆ ಮಾಡುತ್ತಿದೆ! ಕಲ್ಲುಸಕ್ಕರೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸರಿಸಿದಳು. ಪರೀಕ್ಷಕ ಬಾಯಿ ಬೆಚ್ಚಿದರು. ಬಾವು ಹೀಗೆ ಓಡಾಡುವುದನ್ನು ಅವರು ಮುಂಬೈಯ ಯಾವ ದವಾಖಾನೆಯಲ್ಲೂ ನೋಡಿರಲಿಲ್ಲ.

ನಾಲಿಗೆ ಕೆಲಸ ಮಾಡದಾಗ ಶಿವ ಉಳಿದ ಇಂದ್ರಿಯಗಳ ಬಾಗಿಲು ತೆರೆಯುತ್ತಾನೆ ಎನ್ನುತ್ತಾರೆ ಹಿರಿಯರು. ಗದಿಗೆವ್ವ ಬೇರೆ ದಾರಿಯಿಲ್ಲದೆ ನೋಡತೊಡಗಿದಳು. ನಾಡಿ ಹಿಡಿದಳು, ಗಾಣದ ಎತ್ತಿನ ನಡಿಗೆಯ ಹಾಗೆ ಒಂದೇ ಹದ. ರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪು ತುಂಬಿತ್ತು. ನಾಲಿಗೆ ಚಾಚಿಸಿದಳು, ಎಲೆಅಡಿಕೆಯ ಹೊಸ ರಂಗು. ಪಾದ ಒತ್ತಿ ನೋಡಿದಳು. ಬಾವಿರಲಿಲ್ಲ, ಬೆಳಗಿನ ಹಸಿ ಮಣ್ಣಿತ್ತು. ಎದ್ದು ಅಂಗಳ ಸುತ್ತಿ ಬಂದ ಪಾದ. ತಲೆದಿಂಬು ಸರಿಪಡಿಸಲು ಕೈ ಹಾಕಿದರೆ ಕೆಳಗೊಂದು ಗಂಟು. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಅರ್ಧ ಕಡಿದ ಉಳ್ಳಾಗಡ್ಡಿ. ಎಂಟು ದಿನದಿಂದ ಅಗಳು ಮುಟ್ಟದವಳ ಗಂಟು! ಗದಿಗೆವ್ವ ತಲೆಯೆತ್ತಿದಳು. ಶೇಖವ್ವ ಅವಳನ್ನೇ ನೋಡುತ್ತಿದ್ದಳು. ಗದಿಗೆವ್ವ ಗಂಟನ್ನು ಯಾರಿಗೂ ಕಾಣದಂತೆ ಇದ್ದಲ್ಲೇ ಇಟ್ಟು, ದಿಂಬು ಮುಚ್ಚಿದಳು. ಮುದುಕಿಯ ನತ್ತು ಒಮ್ಮೆ ಅಲುಗಿತು.

ಅಷ್ಟರಲ್ಲಿ, ಹಲ್ಲಿನ ಮದ್ದು ಹೇಳುವ ಭರದಲ್ಲಿ ಅಂದಪ್ಪ ಇನ್ನಷ್ಟು ಬಾಗಿ, ಕಾಲು ನೆಲ ಬಿಟ್ಟು, ತಲೆ ಕೆಳಗಾಗಿ ವಾರ್ಡಿನೊಳಗೆ ಉರುಳತೊಡಗಿದ. ಎಂಟು ದಿನದಿಂದ ಕೈ ಮೇಲೆತ್ತದ ಶೇಖವ್ವ ಒಂದೇ ಕೈಯಿಂದ ಅವನ ಅಂಗಿಯ ಕೊರಳು ಹಿಡಿದು, ಬಾವಿಯಿಂದ ಕೊಡ ಸೇದಿದಂತೆ ಸೇದಿ, ತಿರುಗಿ ಹೊರಗೆ ನಿಲ್ಲಿಸಿದಳು. ಆಮೇಲೆ ನೆನಪಾಗಿ ಆ ಕೈಯನ್ನು ನಿಧಾನವಾಗಿ ಹಾಸಿಗೆಯ ಮೇಲೆ ಇಳಿಸಿ ಸಣ್ಣಗೆ ನರಳಿದಳು.

ಬಾಯಿಯವರು ಈ ಸಲ ಅಂಗಳದ ಕಡೆ ಬೆರಳು ತೋರಿಸಿದರು. ಅಂದಪ್ಪ ಬೇವಿನ ಮರದತ್ತ ನಡೆದ. ಬಂಡಿಯಲ್ಲಿ ಕುಳಿತಿದ್ದ ಅಪ್ಪನ ಪಕ್ಕ ಏರಿ ಕುಳಿತು ಮಾತಿಗೆ ತೊಡಗಿದ್ದು ಕಿಟಕಿಯಿಂದ ಕಂಡಿತು. "ಪಾಪ ಅಪ್ಪ," ಎಂದುಕೊಂಡಳು ಗದಿಗೆವ್ವ.

ಅದೇ ಹೊತ್ತಿಗೆ ಸೊಂಟದ ಹತ್ತಿರ ಸೂಜಿ ಚುಚ್ಚಿದಂತಾಯಿತು. ಇನ್ನೊಂದು ಸೂಜಿ. ನೋಡಿದರೆ ಏಪ್ರನ್ನಿನ ಕಿಸೆಯಿಂದ ಕೆಂಪಿರುವೆಗಳು ಜಾತ್ರೆಗೆ ಹೊರಟವರ ಹಾಗೆ ಸಾಲುಹಿಡಿದು ಇಳಿಯುತ್ತಿವೆ. ಕಲ್ಲುಸಕ್ಕರೆಯ ಸುದ್ದಿ ಅವಕ್ಕೆ ಮುಟ್ಟಿತ್ತು. ಗದಿಗೆವ್ವ ಹಲ್ಲು ಕಚ್ಚಿ ನಿಂತಳು. ಹಲ್ಲು ಕಚ್ಚಿದಳು ಎಂದರೆ ನಡುವೆ ಇದ್ದದ್ದೂ ಕಡಿಯಿತು. ಬಾಯೊಳಗಿನ ತುಂಡು ಕಟಕ್ಕೆಂದು ಪುಡಿಯಾಗಿ ಕರಗಿಹೋಯಿತು. ಕಿಸೆ ಝಾಡಿಸಿದರೆ ಉಳಿದ ತುಂಡುಗಳು ಇರುವೆಗಳ ಸಮೇತ ಮಂಚದ ಕೆಳಗೆ ಉರುಳಿದವು.

ಬಾಯಿ ಖಾಲಿ. ಎದುರಿಗೆ ಇಂಥ ಮುದುಕಿ. ಸುಳ್ಳು ಜಡ್ಡು ಹೇಳಿ ಖರೆ ಜಡ್ಡು ತಂದುಕೊಂಡು ಸತ್ತ ಹರ್ತಿಯ ಒಬ್ಬ ಮುದುಕಿಯ ಕತೆ ಗದಿಗೆವ್ವನ ಗಂಟಲಿಗೆ, ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿ ಬಂತು. ತುಟಿ ತೆರೆಯಿತು. ದೂರದಲ್ಲಿ ಸಿಸ್ಟರ್ ಜೈಬುನ್ನೀಸಾ ಕಣ್ಣು ಮುಚ್ಚಿ ದುವಾ ಓದತೊಡಗಿದರು. ಮುಂಡರಗಿಯ ಕೀಲಿ ಕಣ್ಣಮುಂದೆ ಗಾಳಿಯಲ್ಲಿ ತೇಲಿತು.

"ನಮ್ಮ..." ಎಂದಳು ಗದಿಗೆವ್ವ.

ಆಗ ಶೇಖವ್ವ ಸೊಂಟದ ಸಂಚಿ ಬಿಚ್ಚಿದಳು. ಅದರಿಂದ ದೊಡ್ಡದೊಂದು ಕಲ್ಲುಸಕ್ಕರೆ ತೆಗೆದು, ಹಣೆಗೆ ಹಚ್ಚಿ, ತೆರೆದಿದ್ದ ಆ ಬಾಯಿಗೆ ತನ್ನ ಕೈಯಾರೆ ಇಟ್ಟಳು.

ಗದಿಗೆವ್ವ ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು ಬಂತು. ಬೇಡಿದ ಕೂಡಲೇ ಬರುವ ದೇವರಿಗೆ ರೂಪ ಎಲ್ಲಿದೆ? ಒಮ್ಮೊಮ್ಮೆ ನತ್ತು ಹಾಕಿಕೊಂಡೂ ಬರುತ್ತಾನೆ. ಬಾಗಿ ಮುದುಕಿಯ ಪಾದ ಮುಟ್ಟಿ ನಮಸ್ಕರಿಸಿದಳು. ಹಾಜಿರಾಬಿ "ಯಾ ಅಲ್ಲಾ!" ಎಂದು ಎರಡೂ ಕೈಯಿಂದ ನೆಟಿಗೆ ಮುರಿದಳು. ಸುತ್ತಲಿನ ಮಂಚಗಳವರೂ, ಅವರನ್ನು ನೋಡಲು ಬಂದವರೂ, ಕಿಟಕಿಯಾಚೆ ಬಂಡಿಯಲ್ಲಿದ್ದ ಇಬ್ಬರೂ ಕತ್ತು ಉದ್ದ ಮಾಡಿ ನೋಡಿದರು. ಇದೆಲ್ಲ ಯಾಕೆಂದು ಯೋಚಿಸುವಷ್ಟು ಪುರಸೊತ್ತು ಗದಿಗೆವ್ವನಿಗಿರಲಿಲ್ಲ.

ಕಾಗದ ತೆಗೆದುಕೊಂಡು ಬರೆದು ಸಿಸ್ಟರ್ ಕೈಗೆ ಕೊಟ್ಟಳು. ಸಿಸ್ಟರ್ ಅದನ್ನು ಗಟ್ಟಿಯಾಗಿ ಓದಿ, ಮರಾಠಿಯಲ್ಲೂ ಹೇಳಿದರು. "ನಾಡಿ, ಕಣ್ಣು, ನಾಲಿಗೆ, ಪಾದ, ತೋಳಿನ ಶಕ್ತಿ, ಎಲ್ಲ ನೆಟ್ಟಗ ಅದಾವ. ಹಸಿವೂ ಚಲೋ ಐತಿ. ಈ ತಾಯಿಗೆ ಜಡ್ಡಿಲ್ಲ. ಮನಸಿನ್ಯಾಗ ಏನೋ ಒಂದು ಐತಿ, ಅದು ಇನ್ನೂ ಬಾಯಿಗೆ ಬಂದಿಲ್ಲ. ಆರೈಕಿ: ಔಷಧ ಬ್ಯಾಡ. ಮನಿಗೆ ಕಳಸಬೇಕು. ಹತ್ತರ ಕುಂತು ಮಾತು ಕೇಳೂ ಒಬ್ಬ ಮನುಷ್ಯಾರು ಬೇಕು."

ಪರೀಕ್ಷಕ ಬಾಯಿ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಅವರು ಹೇಳಿದ್ದನ್ನು ಸಿಸ್ಟರ್ ಕನ್ನಡಕ್ಕೆ ತಿರುಗಿಸಿದರು. "ಬಾಯಿಯವರು ಅಂತಾರ, ಮಂಚ ಕಂಡ ಕೂಡಲೆ ಜಡ್ಡು ಹುಡುಕೂ ಹುಡುಗ್ಯಾರನ್ನ ಇಷ್ಟ ವರ್ಷ ನೋಡೀನಿ. ಇಲ್ಲದ ಜಡ್ಡನ್ನ ಇಲ್ಲಾ ಅಂದಾಕಿ ಇಕಿ ಒಬ್ಬಾಕಿ. ರೋಗಿ ಮುಂದ ಒಂದ ಮಾತ ಆಡಲಿಲ್ಲ, ರೋಗಿ ಗುಟ್ಟೂ ಬಿಟ್ಟುಕೊಡಲಿಲ್ಲ. ದಿಂಬಿನ ಕೆಳಗ ಇದ್ದದ್ದು ನಾನೂ ನೋಡೀನಿ ಅಂತಾರ. ಗದಿಗೆವ್ವಾ, ನೀ ಪಾಸು!"

ಗದಿಗೆವ್ವ ಕಿಟಕಿಗೆ ಓಡಿ, ಬಂಡಿಯತ್ತ ಎರಡೂ ಕೈ ಎತ್ತಿ ಆಡಿಸಿದಳು. ಪಾಸು! ಬಂಡಿ ಖಾಲಿ ಹೊಡೆದುಕೊಂಡು ಹೋಗು ಅಪ್ಪಾ! ಅಪ್ಪನೂ ಸಂತೋಷದಿಂದ ಕೈ ಆಡಿಸಿ, ಬಂಡಿಯಿಂದ ಧುಮುಕಿ, ಅಂದಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡು ವಾರ್ಡಿನತ್ತ ಬಂದ. ಅಂದಪ್ಪನ ಕೈಯಲ್ಲಿ ಊರಿಂದಲೇ ಕಟ್ಟಿ ತಂದಿದ್ದ ದೊಡ್ಡ ಪರಾತ. ಪರಾತದ ತುಂಬ ಸಕ್ಕರೆ.

"ತಗೋರಿ, ತಗೋರಿ!" ಎಂದು ಅಂದಪ್ಪ ಮಂಚದಿಂದ ಮಂಚಕ್ಕೆ ಹಂಚತೊಡಗಿದ. ಪರೀಕ್ಷಕ ಬಾಯಿಯ ಬೊಗಸೆಗೂ ಹಾಕಿದ. ಒಬ್ಬ ವಿದ್ಯಾರ್ಥಿನಿ ಪಾಸಾದರೆ ರೋಗಿಯ ಮನೆಯವರು ಸಕ್ಕರೆ ಹಂಚುವ ಊರನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. "ಇಕಡಚೀ ಮಾಣಸಂ ಫಾರ ಚಾಂಗಲೀ," ಈ ಕಡೆಯ ಜನ ಬಹಳ ಒಳ್ಳೆಯವರು, ಎಂದು ಮೊದಲ ಸಲ ನಕ್ಕು, ಸಕ್ಕರೆ ತಿಂದು, ರೈಲಿಗೆ ಹೊರಟರು.

ಗದಿಗೆವ್ವನಿಗೆ ಈಗ ಏನೋ ಸರಿಯಿಲ್ಲವೆನಿಸಿತು. ಹಾಜಿರಾಬಿಯ ಕಡೆ ನೋಡಿದಳು.

"ಏನ ನೋಡತೀಯ? ನಿನಗ ತಿಳೀದ? ವರನ ತಾಯಿ ಐದು ಮಂದಿ ಎದುರು ಹುಡುಗಿ ಬಾಯಿಗೆ ಸಕ್ಕರಿ ಇಟ್ಟಳು. ಹುಡುಗಿ ಬ್ಯಾಡ ಅನ್ನಲಿಲ್ಲ, ತಿಂದಳು, ಕಾಲಿಗೂ ಬಿದ್ದಳು. ಸಕ್ಕರಿ ತಿಂದ ಮ್ಯಾಲ ಇನ್ನೇನು ಉಳೀತು? ಬೀಗತನ ಗಟ್ಟಿ ಆತು!" ಎಂದಳು ಹಾಜಿರಾಬಿ. "ನಾನ ಹೇಳಿ ಕಳಿಸಿದ್ದೆ. ನಮ್ಮೂರ ಶೇಖವ್ವ ಮಗಗ ಹೆಣ್ಣು ನೋಡಿ ನೋಡಿ ಸಾಕಾಗಿದ್ದಳು. ಬೆಟಗೇರಿ ದವಾಖಾನ್ಯಾಗ ಒಂದು ಚಲೋ ಹೆಣ್ಣೈತಿ, ನಿಮ್ಮ ಪೈಕಿನ, ಸ್ವಲ್ಪ ಮಾತು ಜಾಸ್ತಿ ಅಂತ ಹೇಳಿದ್ದೆ. ನಾನ ಸುಳ್ಳು ಬಿದ್ದೆ."

ಶೇಖವ್ವ ಮಂಚದಿಂದ ಸರಸರ ಇಳಿದು ನಿಂತಳು. ಮೊದಲ ಸಲ ಬಾಯಿ ತೆರೆದಳು. ತೆರೆದ ಬಾಯಿ ಮುಚ್ಚುವ ಲಕ್ಷಣ ಕಾಣಲಿಲ್ಲ. "ಮೌನನೂ ಇಲ್ಲ, ಜಡ್ಡೂ ಇಲ್ಲವ್ವಾ ನನಗ. ಹೆಣ್ಣು ನೋಡಾಕ ಮನಿಗೆ ಹ್ವಾದ್ರ ಎಲ್ಲಾರೂ ತಲಿ ತಗ್ಗಿಸಿ ಕುಂಡ್ರತಾರ. ಮದಿವಿ ಆದಮ್ಯಾಲ ಬಾಯಿ ಬರತಾವ. ಅದಕ್ಕ ಜಡ್ಡಿನಾಕಿ ಆಗಿ ಬಂದು ಮಲಗಿದೆ. ನೀ ನನ್ನ ಪರೀಕ್ಷಾ ಮಾಡಾಕ ಹತ್ತಿದ್ದಿ, ನಾ ನಿನ್ನ ಮಾಡಾಕ ಹತ್ತಿದ್ದೆ. ಎಷ್ಟ ಹೊತ್ತು ಆತು, ತುಟಿ ಪಿಟಿಕ್ ಅನ್ನಲಿಲ್ಲ ಹುಡುಗಿ! ಗಂಟು ಸಿಕ್ಕರೂ ಮಾನ ಕಳೀಲಿಲ್ಲ. ನಮ್ಮ ಮನ್ಯಾಗ ಮಾತಾಡೂರು ನಾವಿಬ್ಬರು ತಾಯಿ ಮಗ ಅದೀವಿ. ಕೇಳೂರ ಇದ್ದಿದ್ದಿಲ್ಲ. ನೀನ ಬರದು ಕೊಟ್ಟೀಯಲ್ಲ, ಮಾತು ಕೇಳೂ ಮನುಷ್ಯಾರು ಬೇಕಂತ? ಹೆಂಗ ತಿಳೀತವ್ವಾ ನಿನಗ!"

ಗದಿಗೆವ್ವ ಅಪ್ಪನ ಕಡೆ ತಿರುಗಿ, ಬಾಯೊಳಗಿನ ಕಲ್ಲುಸಕ್ಕರೆಯ ಸುತ್ತ ಏನೋ ಗೊಣಗಿದಳು.

"ನಾ ಮಾತು ತಪ್ಪಿಲ್ಲ," ಎಂದ ಚನ್ನಬಸವಣ್ಣ, ಕಣ್ಣೊರೆಸಿಕೊಳ್ಳುತ್ತ. "ಪಾಸಾದ್ರ ಒತ್ತಾಯ ಮಾಡೂದಿಲ್ಲ ಅಂದಿದ್ದೆ. ಒತ್ತಾಯ ಯಾರು ಮಾಡ್ಯಾರ? ನೀನ ಬಾಯಿ ತಗದಿ, ನೀನ ತಿಂದಿ. ಅಂದಪ್ಪನವರು ಎಲ್ಲಾ ಹೇಳಿದರು. ಹೇಳಿದ್ದ ಹೇಳಿದರು. ಆ ಮನಿ ಅರಳಿ ಅಂಗಡಿ ಕಂಬ ಎಷ್ಟು ಅಂತ ಸೈತ ನನಗೀಗ ಗೊತ್ತೈತಿ."

"ರಾಜ್ಯಕ್ಕ ರಾಜ್ಯ ಒಂದಾಗಾಕ ಹತ್ತ್ಯಾವರೀ ಮಾವಾರ," ಎಂದ ಅಂದಪ್ಪ. "ನಾವು ನಿನ್ನಿ ಮೊನ್ನಿತನಕ ಸಂಸ್ಥಾನದೋರು, ನೀವು ಮುಂಬೈದೋರು. ಕೂಡಾಕ ಇದಕ್ಕಿಂತ ಚಲೋ ಮುಹೂರ್ತ ಎಲ್ಲೈತಿ? ಏನಾತಂದ್ರ, ಸಂಸ್ಥಾನ ಇದ್ದಾಗ ಒಮ್ಮೆ ನಮ್ಮ ಮುತ್ಯಾ..."

ಗದಿಗೆವ್ವ ಕಲ್ಲುಸಕ್ಕರೆಯನ್ನು ಕಟಕಟನೆ ಕಡಿದು ನುಂಗಿದಳು. ಮಾತಿಲ್ಲದ್ದಕ್ಕೆ ಮೆಚ್ಚಿದ್ದಾರಲ್ಲವೇ? ಹಾಗಾದರೆ ಮಾತಾಡಿದರೆ ಮುಗಿಯಿತು. ದ್ಯಾಮಪ್ಪನನ್ನು ಕಿಟಕಿ ಹಾರಿಸಿದ ಬಾಯಿ ಇದು. ಈ ಮುದುಕಿ ಯಾವ ಗಿಡದ ತಪ್ಪಲು? ಸೆರಗು ಸಿಗಿಸಿ, ಶೇಖವ್ವನ ಕಣ್ಣಲ್ಲಿ ಕಣ್ಣಿಟ್ಟು ಶುರು ಮಾಡಿದಳು.

"ನಮ್ಮ ಓಣ್ಯಾಗ ಒಬ್ಬ ಅತ್ತಿ ಇದ್ದಳ್ರೀ. ನಿಮ್ಮಂಗ ಗಟ್ಟಿಮುಟ್ಟ. ನಿಮ್ಮಂಗ ನತ್ತು. ಮಗಗ ಹೆಣ್ಣು ಹುಡುಕಿ ಹುಡುಕಿ ಒಬ್ಬ ನರ್ಸ ಸೊಸಿನ ತಂದಳು. ಸೊಸಿ ಮನಿ ತುಂಬಿದ ದಿನ ಅತ್ತಿ ಹೋಳಿಗಿ ಉಂಡಳು, ನಕ್ಕೋತ ಮಾತಾಡಿದಳು..."

"ಹ್ಞೂಂ," ಎಂದಳು ಶೇಖವ್ವ.

ಗದಿಗೆವ್ವ ತಡವರಿಸಿದಳು. ಅವಳ ಕತೆಗೆ ಜನ ಬೆವರಿದ್ದರು, ಅತ್ತಿದ್ದರು, ಓಡಿದ್ದರು. ಅಜ್ಜಿಯರ ಕತೆಗೆ ಸುತ್ತ ಕುಳಿತ ಮಕ್ಕಳು ಹೂಂಗುಟ್ಟುವ ಹಾಗೆ ಯಾರೂ ಹೂಂಗುಟ್ಟಿರಲಿಲ್ಲ. ಆದರೂ ಬಿಡಲಿಲ್ಲ. ಅತ್ತೆಗೆ ಎದೆ ಹಿಡಿಸಿದಳು, ಕೈಕಾಲು ಬೀಳಿಸಿದಳು, ಬೆವರಿಳಿಸಿದಳು, ಸಂಜೆಗೆ ಭಜನೆಯವರನ್ನೂ ತಂದು ಕೂಡಿಸಿದಳು.

ಶೇಖವ್ವ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ದಿಂಬಿನ ಕೆಳಗಿನ ಗಂಟು ಬಿಚ್ಚಿ, ರೊಟ್ಟಿಯ ತುಂಡು ಬಾಯಿಗಿಟ್ಟುಕೊಂಡಳು. "ಹ್ಞೂಂ. ಆಮ್ಯಾಲ?"

"ಆಮ್ಯಾಲ ಏನ್ರೀ? ಸತ್ತಳು!"

"ಅಯ್ಯ, ಇಷ್ಟ ಜಲ್ದಿ ಸಾಯಿಸಿ ಬಿಟ್ಟೆಲ್ಲ!" ಎಂದು ಶೇಖವ್ವ ಬೇಸರಪಟ್ಟಳು. ಮರುಕ್ಷಣ ಅವಳ ಮುಖ ಅರಳಿತು. "ಹಾಜಿರಾ, ಕೇಳಿದೇನು? ಮಾತೂ ಬರತಾವ ಇಕಿಗೆ! ಮುಚ್ಚೂ ಹೊತ್ತಿನ್ಯಾಗ ಮುಚ್ಚತಾಳ, ತಗಿಯೂ ಹೊತ್ತಿನ್ಯಾಗ ತಗೀತಾಳ. ಇಂಥಾಕಿ ಲಕ್ಷ್ಮೇಶ್ವರ ಸೀಮಿ ಹುಡುಕಿದ್ರೂ ಸಿಗೂದಿಲ್ಲ."

"ಮುಂಡರಗಿ..." ಎಂದಳು ಗದಿಗೆವ್ವ. ದನಿ ಒಳಗಿನ ಬಾವಿಯಿಂದ ಬಂದಂತಿತ್ತು. "ಮುಂಡರಗ್ಯಾಗ ನನಗ ನೌಕರಿ ಐತ್ರೀ. ಖೋಲಿ ಐತಿ. ಕೀಲಿ ಐತಿ."

"ಕೀಲಿ?" ಎಂದು ಶೇಖವ್ವ ತನ್ನ ಸೊಂಟದ ದೊಡ್ಡ ಕೀಲಿಗೊಂಚಲು ಝಣಝಣ ಅಲ್ಲಾಡಿಸಿದಳು. "ಎಷ್ಟ ಬೇಕು ತಗೋ. ನೌಕರಿ ಏನು? ನರ್ಸ ಅಂದಮ್ಯಾಲ ಒಬ್ಬ ರೋಗಿ ಬೇಕು. ನಾ ಅದೀನಲ್ಲ!"

ಆಮೇಲೆ ಎಲ್ಲ ಪದ್ಧತಿಯಂತೆ ನಡೆಯಿತು. ಬೀಗರು ಹೆಣ್ಣಿನ ಮನೆಯ ಊಟ ಉಂಡೇ ಹೋಗಬೇಕೆಂದು ಚನ್ನಬಸವಣ್ಣ ಹಟ ಹಿಡಿದ. ಹೊತ್ತು ಇಳಿಯುವ ಮೊದಲು ಎತ್ತು ಹೂಡಿದರು. ನಪಾಸಾದರೆ ಹತ್ತಬೇಕಾಗಿದ್ದ ಬಂಡಿಯನ್ನು ಗದಿಗೆವ್ವ ಪಾಸಾಗಿ ಹತ್ತಿದಳು. ಮೆತ್ತಗೆ ಹಾಸಿದ ಹಾಸಿಗೆಯ ಮೇಲೆ ಒಂದು ಕಡೆ ಶೇಖವ್ವ ಕುಳಿತಳು. ಮುಂದೆ ನೊಗದ ಹತ್ತಿರ, ಅಪ್ಪನ ಪಕ್ಕ, ಅಂದಪ್ಪ.

ಸಿಸ್ಟರ್ ಜೈಬುನ್ನೀಸಾ ಗಾಲಿಯವರೆಗೆ ಬಂದರು. ಶಿಷ್ಯೆಯ ತಲೆ ಸವರಿ, ಕಲ್ಲುಸಕ್ಕರೆಯ ಪೊಟ್ಟಣವನ್ನು ಇಡಿಯಾಗಿ ಅವಳ ಉಡಿಯಲ್ಲಿ ಇಟ್ಟರು. "ಇಟಗೋ ಬೇಟಿ. ಉಳದಿದ್ದೆಲ್ಲಾ ನಿನಗ."

ಬಂಡಿ ಹೊರಟಿತು. ಅಂದಪ್ಪ ಹಿಂದೆ ತಿರುಗಿ, "ಏನಾತಂದ್ರ, ನಮ್ಮ ಮುತ್ಯಾಂದು ಅರ್ಧಕ್ಕ ನಿಂತಿತ್ತಲ್ಲ..." ಎಂದ. "ನಿನಗ ಅದು ಸರಿ ಗೊತ್ತಿಲ್ಲ, ನಾ ಹೇಳತೀನಿ ಕೇಳವ್ವಾ," ಎಂದು ಶೇಖವ್ವ ಗದಿಗೆವ್ವನ ಮೊಣಕಾಲು ತಟ್ಟಿದಳು. ಇಬ್ಬರೂ ಒಟ್ಟಿಗೇ ಶುರು ಮಾಡಿದರು.

ಬೆಟಗೇರಿಯ ಕಡೆಯ ಮನೆ ದಾಟುವ ಮೊದಲೇ ಗದಿಗೆವ್ವ ಪೊಟ್ಟಣ ಬಿಚ್ಚಿ, ಒಂದು ತುಂಡನ್ನು ತನ್ನ ಬಾಯಿಗೆ ತಾನೇ ಇಟ್ಟುಕೊಂಡಳು.